ಮಣ್ಣು ಸೇರಿ ಹದಿನಾಲ್ಕು ಕಿಲೋ

ಏಪ್ರಿಲ್ 9, ಬುಧವಾರ

ನಿನ್ನೆ, ಏಪ್ರಿಲ್ ಎಂಟರ ಬೆಳಿಗ್ಗೆ ಹತ್ತೂಕಾಲಕ್ಕೆ, ನಾಲ್ವರು ಪೊಲೀಸರು ನಮ್ಮ ಕಟ್ಟಡದ ತಾರಸಿ ಹತ್ತಿ ಅಕ್ಕನ ಮೂರು ಗಾಂಜಾ ಗಿಡಗಳನ್ನು ಕುಂಡಸಮೇತ ಹೊತ್ತುಕೊಂಡು ಹೋದರು. ಗೋಡೆ ಹಿಡಿಯದೆ ನಾಲ್ಕು ಹೆಜ್ಜೆ ಇಡಲಾರದ ಅರವತ್ತೆಂಟು ವರ್ಷದ ಹೆಂಗಸಿನ ಮೇಲೆ ಮಾದಕ ವಸ್ತು ಮಾರಾಟದ ಮೊಕದ್ದಮೆ ಹೂಡಿದರು. ತಾರೀಕು, ಗಳಿಗೆ ಸಹಿತ ಬರೆದಿಡುತ್ತಿದ್ದೇನೆ. ಪತ್ರಿಕೆಯೊಂದರ ಕಡತ ವಿಭಾಗದಲ್ಲಿ ಮೂವತ್ತೊಂದು ವರ್ಷ ಕತ್ತರಿ, ಗೋಂದು ಹಿಡಿದು ಕೂತವನು ನಾನು. ಬರೆದಿಡದ ಅನ್ಯಾಯ ಎಷ್ಟು ಬೇಗ ಮಾಸಿಹೋಗುತ್ತದೆಂದು ನನಗೆ ಚೆನ್ನಾಗಿ ಗೊತ್ತು.

ಗಿಡಗಳನ್ನು ಕೆಳಗೆ ತಂದು ತೂಗಿದರು. ಹದಿನಾಲ್ಕು ಕಿಲೋ ಇನ್ನೂರು ಗ್ರಾಂ. ಅರ್ಧ ಗಂಟೆ ಮೊದಲಷ್ಟೇ ಅವಕ್ಕೆ ನೀರು ಹಾಕಿಯಾಗಿತ್ತು.

"ಮಣ್ಣೂ ಗಾಂಜಾನಾ ಸಾರ್?" ಎಂದು ಇನ್‌ಸ್ಪೆಕ್ಟರನ್ನು ಕೇಳಿದೆ.

"ಮಣ್ಣಿಲ್ದೆ ಗಿಡ ಬೆಳೆಯುತ್ತಾ?" ಎಂದ. ಹದಿನಾಲ್ಕು ಕಿಲೋ ಸ್ವಂತಕ್ಕೆ ಯಾರೂ ಇಟ್ಟುಕೊಳ್ಳುವುದಿಲ್ಲ, ಆದ್ದರಿಂದ ಮಾರಾಟ. ಇದು ಅವರ ತರ್ಕ.

ಅಕ್ಕ ಮಹಡಿಯ ಕಿಟಕಿಯಿಂದ ಕೂಗಿದಳು: "ನನ್ನನ್ನೂ ಕೂರಿಸಿ ತೂಗ್ಕೊಂಡ್ಬಿಡಿ! ಇನ್ನೂ ದೊಡ್ಡ ಕೇಸಾಗುತ್ತೆ!"

ಒಬ್ಬ ಪೇದೆ ನಗು ತಡೆಯಲಾರದೆ ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ.

ಒಂಬತ್ತು ವರ್ಷದಿಂದ ಅಕ್ಕನಿಗೆ ನರದ ಕಾಯಿಲೆ. ಕಾಲುಗಳು ಇದ್ದಕ್ಕಿದ್ದಂತೆ ಮರದ ಹಾಗೆ ಸೆಟೆದುಕೊಳ್ಳುತ್ತವೆ. ಕೈ ನಡುಗಿ ಲೋಟ ನಿಲ್ಲುವುದಿಲ್ಲ. ಆಸ್ಪತ್ರೆಯ ಮಾತ್ರೆ ನುಂಗಿದರೆ ಇಡೀ ದಿನ ಮಂಕು. ಎರಡು ವರ್ಷದ ಹಿಂದೆ ಈ ಗಿಡ ಬಂತು. ಅದರ ಎಲೆ ಹಾಕಿ ಕಾಯಿಸಿದ ಬೆಣ್ಣೆಯನ್ನು ಉಗುರಿನಷ್ಟು ನಾಲಿಗೆಗೆ ಹಚ್ಚಿಕೊಂಡರೆ ಸೆಟೆತ ಇಳಿದು, ತನ್ನ ಟೀ ತಾನೇ ಹಿಡಿದು ಕುಡಿಯುತ್ತಿದ್ದಳು. ನಮ್ಮ ಮನೆಯ ಮಾದಕ ವ್ಯವಹಾರವೆಂದರೆ ಇಷ್ಟೇ. ಬೆಣ್ಣೆ ಇನ್ನು ಅರ್ಧ ಡಬ್ಬಿ ಉಳಿದಿದೆ.

ತಲೆ ಕೊರೆಯುತ್ತಿರುವುದು ಬೇರೆ ಸಂಗತಿ. ತಾರಸಿ ನಾಲ್ಕು ಮನೆಗಳಿಗೂ ಸೇರಿದ್ದು. ಪೊಲೀಸರು ನೇರ ತಾರಸಿಗೆ ಹೋದರು, ಅಲ್ಲಿಂದ ಇಳಿದು ನೇರ ನಮ್ಮ ಬಾಗಿಲಿಗೆ ಬಂದರು. ಬೇರೆ ಯಾವ ಬಾಗಿಲನ್ನೂ ತಟ್ಟಲಿಲ್ಲ. ಯಾರೋ ಹೇಳಿದ್ದಾರೆ.

ಏಪ್ರಿಲ್ 11, ಶುಕ್ರವಾರ

ಯೋಚಿಸಿ ನೋಡಿದರೆ, ಹೇಳಿರಬಹುದಾದವರು ಇಬ್ಬರೇ. ಎರಡನೆಯ ಮಹಡಿಯಲ್ಲಿ ನಮ್ಮ ಎದುರು ಮನೆಗೆ ವರ್ಷದಿಂದ ಬೀಗ. ನೆಲ ಅಂತಸ್ತಿನಲ್ಲಿ ಡ್ರೈವಿಂಗ್ ಶಾಲೆಯವನು; ಬಾಯಿ ಬಿಟ್ಟರೆ ಗೇರು, ಬ್ರೇಕು ಎನ್ನುವ ಅವನನ್ನು ಎಲ್ಲರೂ ಕ್ಲಚ್ಚು ಎಂದೇ ಕರೆಯುವುದು. ಮೊದಲ ಮಹಡಿಯಲ್ಲಿ ಟೈಲರಮ್ಮ. ಅಕ್ಕ ಮೆಟ್ಟಿಲು ಹತ್ತಲಾರಳು, ನನಗೆ ಮಂಡಿನೋವು. ಹಾಗಾಗಿ ಗಿಡಗಳಿಗೆ ಎರಡು ವರ್ಷ ನೀರು ಹೊತ್ತವಳು ಟೈಲರಮ್ಮನೇ. ಬೆಳಿಗ್ಗೆ ಬಂದು ಅಕ್ಕನ ಕಾಲು ತಿಕ್ಕಿ ಸ್ನಾನಕ್ಕೆ ಕೂರಿಸುವವಳೂ ಅವಳೇ. ಎಲ್ಲವನ್ನೂ ಬಲ್ಲವಳು.

ಎಲ್ಲವನ್ನೂ ಬಲ್ಲವರೇ ಹೇಳಬಲ್ಲವರು.

ಏಪ್ರಿಲ್ 14, ಸೋಮವಾರ

ಕ್ಲಚ್ಚುವನ್ನು ಗೇಟಿನ ಬಳಿ ಹಿಡಿದೆ. "ಮಾರ್ಚ್‌ನಲ್ಲಿ ನಿಮ್ಮ ಬಾಗಿಲ ಮುಂದೆ ಪೊಲೀಸ್ ಜೀಪು ಎರಡು ಸಲ ನಿಂತಿತ್ತಲ್ಲ?"

"ಅಯ್ಯೋ ಸಾರ್, ಅದರ ಡ್ರೈವರಿಗೆ ರಿವರ್ಸ್ ಬರಲ್ಲ. ಸಾಹೇಬ್ರು ಬೈತಾರೆ, ಯಾರಿಗೂ ಹೇಳ್ದೆ ಕಲಿಸ್ಕೊಡಿ ಅಂತ ಬಂದಿದ್ದ."

"ಪೊಲೀಸ್ ಡ್ರೈವರಿಗೆ ರಿವರ್ಸ್ ಬರಲ್ವೇ?"

"ಸರ್ಕಾರಕ್ಕೇ ಬರಲ್ಲ ಸಾರ್!" ಎಂದು ತನ್ನ ಮಾತಿಗೆ ತಾನೇ ಬಿದ್ದು ಬಿದ್ದು ನಕ್ಕ.

ಅಷ್ಟು ಚುರುಕಾಗಿ ಉತ್ತರ ಹೊಳೆಯಬೇಕಾದರೆ ಮೊದಲೇ ಸಿದ್ಧಮಾಡಿಕೊಂಡಿರಬೇಕು.

ಆದರೆ ಅವನ ಮಾತಿನಲ್ಲಿ ಸತ್ಯವಿದೆ. ಗಾಂಜಾ ನಿಷೇಧದ ಈ ಕಾನೂನು ಸದನದಲ್ಲಿ ಪಾಸಾದ ದಿನದ ವರದಿಯನ್ನು ಕತ್ತರಿಸಿ ಅಂಟಿಸಿದವನು ನಾನೇ. ಚರ್ಚೆ ನಡೆದದ್ದು ಹದಿನೆಂಟು ನಿಮಿಷ. ಅದರಲ್ಲಿ ಆರು ನಿಮಿಷ ಮೈಕು ಕೆಟ್ಟಿತ್ತು. ಈ ಗಿಡವನ್ನು ಹೆರಾಯಿನ್ ಜೊತೆ ಒಂದೇ ಪಟ್ಟಿಗೆ ಸೇರಿಸಬೇಡಿ, ರೋಗಿಗಳಿಗೆ ಬೇಕಾಗುತ್ತದೆ ಎಂದು ಐವರು ವೈದ್ಯರು ಬರೆದುಕೊಟ್ಟ ವರದಿಯನ್ನು ಸಚಿವರು ಮೇಜಿನ ಮೇಲಿಟ್ಟು, ಅದರ ಮೇಲೆ ಕನ್ನಡಕ ಇಟ್ಟು, ಓದದೆಯೇ ಎದ್ದುಹೋದರು. ಅಂದಿನಿಂದ ಸಣ್ಣಪುಟ್ಟವರು ಸಾವಿರಗಟ್ಟಲೆ ಜೈಲು ಕಂಡಿದ್ದಾರೆ. ದೊಡ್ಡ ವ್ಯಾಪಾರಿ ಒಬ್ಬನಾದರೂ ಸಿಕ್ಕಿಬಿದ್ದ ಸುದ್ದಿ ನನ್ನ ಕತ್ತರಿಗೆ ಬೀಳಲಿಲ್ಲ. ನಮ್ಮ ಬೀದಿಯಲ್ಲಿ ಮೂರು ಹೆಂಡದಂಗಡಿಗಳಿವೆ, ಗೋಡೆಯ ಮೇಲೆ ಸರ್ಕಾರದ ಪರವಾನಗಿಗೆ ಗಾಜಿನ ಕಟ್ಟು ಹಾಕಿಸಿ ತೂಗಿಬಿಟ್ಟಿದ್ದಾರೆ. ಅಲ್ಲಿಂದ ಹೊರಬಂದವನು ಹೆಂಡತಿಯ ತೋಳು ಮುರಿದರೆ ಅದು ಸಂಸಾರದ ಜಗಳ. ಅಕ್ಕ ಬೆಣ್ಣೆ ನೆಕ್ಕಿದರೆ ಸಮಾಜಕ್ಕೆ ಅಪಾಯ.

ಇದನ್ನೆಲ್ಲ ಜನವರಿಯಲ್ಲಿ ಒಂಬತ್ತು ಪುಟಗಳಲ್ಲಿ ಬರೆದು, ಕಾನೂನಿನ ಮರುಪರಿಶೀಲನೆಗೆ ನೇಮಿಸಿದ ಸಮಿತಿಗೆ ಕಳಿಸಿದ್ದೆ. ನಾಗರಿಕರ ಅಭಿಪ್ರಾಯ ಬೇಕೆಂದು ಅವರೇ ಪತ್ರಿಕೆಗಳಲ್ಲಿ ಕೇಳಿದ್ದರು. ಹೆಸರು, ವಿಳಾಸ, ಸಹಿ ಹಾಕಿಯೇ ಕಳಿಸಿದೆ. ಹೆಸರಿಲ್ಲದ ಪತ್ರವನ್ನು ನಾನು ಜನ್ಮದಲ್ಲಿ ಬರೆದವನಲ್ಲ. ಸಮಿತಿಯಲ್ಲಿ ಓದುಬರಹ ಬಲ್ಲವರು ಒಬ್ಬರಾದರೂ ಇದ್ದರೆ ಈ ಮೊಕದ್ದಮೆ ತೀರ್ಮಾನವಾಗುವ ಮುನ್ನವೇ ಕಾನೂನು ಬದಲಾದೀತು.

ಏಪ್ರಿಲ್ 20, ಭಾನುವಾರ

ಒಬ್ಬ ವಕೀಲೆ ಸಿಕ್ಕಿದ್ದಾಳೆ. ಮೂವತ್ತರ ಆಸುಪಾಸು, ಮಾತು ಚಾಕುವಿನಂತೆ. ತೂಕದ ವಿಷಯ ಕೇಳಿ, "ಕುಂಡಾನೂ ಸೇರಿಸಿದಾರಾ? ಪಕ್ಕದ ಬಕೆಟ್ ಯಾಕೆ ಬಿಟ್ರಂತೆ?" ಎಂದಳು.

ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡಿದ್ದೇನೆ. ಅಲ್ಲಿಂದ ಗೇಟು, ಡ್ರೈವಿಂಗ್ ಶಾಲೆಯ ಬಾಗಿಲು, ಟೈಲರಮ್ಮನ ಮೆಟ್ಟಿಲು ಮೂರೂ ಕಾಣುತ್ತವೆ. ಯಾರು ಬಂದರು, ಎಷ್ಟು ಹೊತ್ತಿದ್ದರು ಎಂದು ಬೇರೆ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೇನೆ. ಹಳೆಯ ಕಸುಬು, ಕೈ ತಾನಾಗಿ ಓಡುತ್ತದೆ. ಮಧ್ಯಾಹ್ನ ಅಕ್ಕನಿಗೆ ಪತ್ರಿಕೆ ಓದಿ ಹೇಳುವುದು ಇವತ್ತು ಆಗಲಿಲ್ಲ. ಎರಡು ಸಲ ಕರೆದಳಂತೆ, ಕೇಳಿಸಲಿಲ್ಲ.

ಏಪ್ರಿಲ್ 27, ಭಾನುವಾರ

ಒಂದು ಉಪಾಯ ಮಾಡಿದೆ. ಟೈಲರಮ್ಮನೊಬ್ಬಳಿಗೇ, ಮೆಟ್ಟಿಲಿನ ತಿರುವಿನಲ್ಲಿ, ದನಿ ತಗ್ಗಿಸಿ ಹೇಳಿದೆ: "ಪೊಲೀಸರ ಕಣ್ಣಿಗೆ ಬೀಳದ್ದು ಇನ್ನೆರಡು ಗಿಡ ಇದೆ. ನೀರಿನ ಟ್ಯಾಂಕಿನ ಹಿಂದೆ. ಯಾರಿಗೂ ಹೇಳಬೇಡಿ."

ಅವಳ ಮುಖ ಬಿಳಿಚಿಕೊಂಡಿತು. "ಯಾಕಣ್ಣ ಇಟ್ಕೊಂಡಿದೀರಾ?" ಎಂದಳು.

ಅಲ್ಲಿ ಗಿಡವೂ ಇಲ್ಲ, ಗರಿಕೆಯೂ ಇಲ್ಲ. ಪೊಲೀಸರು ಬಂದರೆ, ಹೇಳಿದವಳು ಯಾರೆಂದು ತಿಳಿಯುತ್ತದೆ. ಅಕ್ಕನಿಗೆ ಇದನ್ನು ಹೇಳಿಲ್ಲ.

ಮೇ 1, ಗುರುವಾರ

ಪೊಲೀಸರು ಬರಲಿಲ್ಲ. ಟೈಲರಮ್ಮ ಬಂದಳು, ಕುತ್ತಿಗೆಯಲ್ಲಿ ಅಳತೆಯ ಟೇಪು, ಕೈಯಲ್ಲಿ ಖಾಲಿ ಚೀಲ. ಅಕ್ಕ ಹಾಸಿಗೆಯಲ್ಲಿ ಒರಗಿ ಕೂತಿದ್ದಳು.

"ಅಣ್ಣ, ಟ್ಯಾಂಕಿನ ಹಿಂದೆ ಗಿಡ ಎಲ್ಲಿದೆ?"

"ಯಾಕೆ ಕೇಳ್ತೀರಿ?"

"ಯಾಕೆ ಅಂತೀರಲ್ಲ! ನಾಲ್ಕು ದಿನದಿಂದ ನನಗೆ ಹೊಲಿಗೆ ಮೇಲೆ ಗಮನಾನೇ ಇಲ್ಲ. ಒಬ್ಬರ ಅಂಗಿಗೆ ಎರಡೂ ಕಡೆ ಬಲಗೈ ತೋಳೇ ಇಟ್ಟುಬಿಟ್ಟೆ. ಅವರು ಮತ್ತೆ ಬಂದ್ರೆ ಅಕ್ಕನ ಗತಿ ಏನು ಅಂತ ಇವತ್ತು ಮೇಲೆ ಹೋದೆ. ಕಿತ್ಕೊಂಡು ಬಂದು ನನ್ನ ಚಿಂದಿ ಮೂಟೆಯೊಳಗೆ ಹಾಕೋಣ ಅಂತ. ಅಲ್ಲೊಂದು ಮೋಟು ಪೊರಕೆ ಬಿಟ್ಟರೆ ಏನೂ ಇಲ್ಲ."

ಅವಳು ನನ್ನನ್ನೇ ನೋಡುತ್ತ ನಿಂತಳು. ನಿಧಾನವಾಗಿ ಅರ್ಥವಾಯಿತೆಂದು ಕಾಣುತ್ತದೆ.

"ನನಗೊಬ್ಬಳಿಗೇ ಹೇಳಿದ್ರಾ?"

"ಏನೋ ಇದು ಕತ್ತರಿ?" ಎಂದಳು ಅಕ್ಕ. ಕೆಲಸಕ್ಕೆ ಸೇರಿದಂದಿನಿಂದ ನನಗೆ ಅವಳಿಟ್ಟ ಹೆಸರು ಅದು.

"ಪರೀಕ್ಷೆ ಅಕ್ಕ, ಪರೀಕ್ಷೆ," ಎಂದಳು ಟೈಲರಮ್ಮ. "ಎರಡು ವರ್ಷ ಬಕೆಟ್ ಹೊತ್ತು ಹತ್ತಿದ್ದಕ್ಕೆ ಈಗ ಪರೀಕ್ಷೆ. ಪಾಸಾದೆನಾ ಅಣ್ಣ? ಮಾರ್ಕ್ಸ್ ಕಾರ್ಡ್ ಕಳಿಸಿ." ಬಾಗಿಲನ್ನು ಹಾಕಿಕೊಳ್ಳದೆ ಇಳಿದುಹೋದಳು.

ಅಕ್ಕ ಗೋಡೆಯ ಕಡೆ ತಿರುಗಿದಳು.

ಸಿಟ್ಟು ಯಾವುದನ್ನೂ ರುಜುವಾತು ಮಾಡುವುದಿಲ್ಲ. ಪೊಲೀಸರಿಗೆ ಹೇಳುವ ಮೊದಲು ಖಚಿತಮಾಡಿಕೊಳ್ಳಲೆಂದೇ ತಾರಸಿಗೆ ಹೋಗಿರಲೂಬಹುದು.

ಮೇ 6, ಮಂಗಳವಾರ

ಟೈಲರಮ್ಮ ಬರುತ್ತಿಲ್ಲ. ಕಾಲು ತಿಕ್ಕುವ ಕೆಲಸ ನನ್ನದಾಗಿದೆ. ನನ್ನ ಕೈ ಒರಟಂತೆ. ಬೆಣ್ಣೆ ನಿನ್ನೆಗೆ ಮುಗಿಯಿತು. ಬೆಳಿಗ್ಗೆ ಲೋಟ ಬಿತ್ತು.

10:40 ಕ್ಲಚ್ಚು ಹೊರಗೆ. 11:15 ವಾಪಸು, ಕೈಯಲ್ಲಿ ಕವರು.

ಮೇ 9, ಶುಕ್ರವಾರ

ಇವತ್ತೂ ಲೋಟ ಬಿತ್ತು. ಜೀಪು ಬಂದಿಲ್ಲ. ಯಾಕೆ ಬಂದಿಲ್ಲ?

ಮೇ 16, ಶುಕ್ರವಾರ

ಗೆದ್ದೆವು! ವಕೀಲೆಯ ಅರ್ಜಿಯ ಮೇಲೆ, ನ್ಯಾಯಾಧೀಶರ ಮುಂದೆಯೇ ಮಣ್ಣು ಕೊಡವಿ ಮತ್ತೆ ತೂಗಿಸಿದರು. ಬೇರು ಸೇರಿ ಮುನ್ನೂರ ಹತ್ತು ಗ್ರಾಂ. ಇನ್‌ಸ್ಪೆಕ್ಟರ್ ಒಣಗಿ ಹಗುರಾಗಿದೆ ಎಂದ. "ಹದಿಮೂರೂ ಮುಕ್ಕಾಲು ಕಿಲೋ ಒಣಗಿತೇ?" ಎಂದರು ನ್ಯಾಯಾಧೀಶರು. ಮಾರಾಟದ ಆರೋಪ ಬಿದ್ದುಹೋಯಿತು. ಬೆಳೆಸಿದ ಆರೋಪ ಮಾತ್ರ ಉಳಿದಿದೆ.

"ಅದೂ ನಿಲ್ಲಲ್ಲ ಸಾರ್," ಎಂದಳು ವಕೀಲೆ. "ತಾರಸಿ ನಾಲ್ಕು ಮನೆಯದು. ಯಾರ ಗಿಡ ಅಂತ ಯಾರು ನೋಡಿದ್ದಾರೆ? ಸಾಕ್ಷಿ ಬೇಕಲ್ಲ."

ಅಕ್ಕನಿಗೆ ಹೇಳಿದೆ. "ಟೈಲರಮ್ಮನಿಗೂ ಹೋಗಿ ಹೇಳು," ಎಂದಳು. ಸಾಕ್ಷಿ ಯಾರಾಗುತ್ತಾರೋ ನೋಡೋಣ, ಆಮೇಲೆ ಹೇಳುತ್ತೇನೆ ಎಂದೆ.

ಜೂನ್ 3, ಮಂಗಳವಾರ

ದೋಷಾರೋಪ ಪಟ್ಟಿಯ ಪ್ರತಿ ಬಂತು. ಸಾಕ್ಷಿದಾರರು ಯಾರೂ ಇಲ್ಲ. ದಾಖಲೆ ಸಂಖ್ಯೆ ಮೂರು: ಒಂಬತ್ತು ಪುಟ. ನನ್ನ ಅಕ್ಷರ.

ಜೂನ್ 4, ಬುಧವಾರ

ನಾಲ್ಕನೆಯ ಪುಟದಲ್ಲಿ ಕೆಂಪು ಪೆನ್ಸಿಲಿನಿಂದ ಅಡಿಗೆರೆ ಎಳೆದಿದ್ದಾರೆ. "ನನ್ನ ಅಕ್ಕ ತಾರಸಿಯ ಮೇಲೆ ಮೂರು ಗಿಡಗಳನ್ನು ಸ್ವಂತ ಆಸ್ಥೆಯಿಂದ ಬೆಳೆಸಿಕೊಂಡು, ಅವುಗಳಿಂದಲೇ ಇಂದು ತನ್ನ ಲೋಟವನ್ನು ತಾನೇ ಹಿಡಿಯಬಲ್ಲವಳಾಗಿದ್ದಾಳೆ." ವಾಕ್ಯ ಚೆನ್ನಾಗಿದೆ ಎಂದು ಆಗ ಹೆಮ್ಮೆಪಟ್ಟಿದ್ದೆ. ಬರೀ ವಾದ ಮಾಡಿದರೆ ಸಾಲದು, ಕಣ್ಣಾರೆ ಕಂಡ ಉದಾಹರಣೆ ಬೇಕು ಎಂದು ಸೇರಿಸಿದ್ದೆ.

ಮೊದಲ ಪುಟದ ಮೂಲೆಯಲ್ಲಿ ಎರಡು ಮುದ್ರೆಗಳು. ಸಮಿತಿಗೆ ತಲುಪಿದ ದಿನದ ಆವಕ ಮುದ್ರೆ, ಫೆಬ್ರವರಿ 3. ಅದರ ಕೆಳಗೆ ಪೊಲೀಸರದು, ಫೆಬ್ರವರಿ 6. ಮೂರೇ ದಿನ. ಈ ಸರ್ಕಾರದ ಕಚೇರಿಯಲ್ಲಿ ಒಂದು ಕಾಗದ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಮೂರು ತಿಂಗಳು ಹಿಡಿದದ್ದನ್ನು ನಾನೇ ಕಡತ ಮಾಡಿದ್ದೇನೆ.

ಸಮಿತಿಯ ಜಾಹೀರಾತನ್ನೂ ಕತ್ತರಿಸಿ ಇಟ್ಟಿದ್ದೆ. ಹುಡುಕಿ ತೆಗೆದೆ. ಕೊನೆಯ ಸಾಲು: "ಅಭಿಪ್ರಾಯ ನೀಡಿದವರ ವಿವರಗಳನ್ನು ಸಂಪೂರ್ಣ ಗೌಪ್ಯವಾಗಿಡಲಾಗುವುದು."

ವಕೀಲೆ ಹೇಳಿದಳು: "ಸಹಿ ನಂದಲ್ಲ ಅನ್ನಿ ಸಾರ್. ಅಕ್ಷರ ತಜ್ಞರನ್ನ ಕರೆಸೋಷ್ಟು ದೊಡ್ಡ ಕೇಸಲ್ಲ ಇದು. ಅಲ್ಲಿಗೆ ಮುಗೀತು."

ಕಿಟಕಿಯ ಪುಸ್ತಕದಲ್ಲಿ ನಲವತ್ತೊಂದು ಪುಟ ತುಂಬಿದೆ. ಕುರ್ಚಿಯನ್ನು ಅದರ ಜಾಗಕ್ಕೆ ತಂದಿಟ್ಟೆ.

ಜೂನ್ 12, ಗುರುವಾರ

ಒಂಬತ್ತು ದಿನ ಅಕ್ಕನಿಂದ ಮುಚ್ಚಿಟ್ಟೆ. ಇವತ್ತು ಪತ್ರಿಕೆ ಓದಿ ಹೇಳುತ್ತಿದ್ದಾಗ ಅವಳೇ ಕೇಳಿದಳು: "ನಾಲ್ಕನೇ ಪುಟ ತಾನೇ?"

"ಯಾವ ನಾಲ್ಕನೇ ಪುಟ?"

"ಜನವರೀಲಿ ಇಲ್ಲೇ ಕೂತು ಜೋರಾಗಿ ಓದಿ ಹೇಳಿದ್ಯಲ್ಲೋ. ಎರಡು ಸಲ. ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಮೂವತ್ತು ವರ್ಷ ಕಿವಿಗೆ ತಂತಿ ಹಾಕ್ಕೊಂಡು ಕೂತವಳು ನಾನು. ಯಾರ ಮಾತು ಯಾವ ಕಡೆಯಿಂದ ಎಲ್ಲಿಗೆ ಹೋಗುತ್ತೆ ಅಂತ ನನಗೆ ತಿಳಿಯಲ್ವಾ? ಪೊಲೀಸರು ನೇರ ನಮ್ಮ ಬಾಗಿಲಿಗೆ ಬಂದಾಗಲೇ ಅಂದ್ಕೊಂಡೆ."

"ಮತ್ತೆ ಆಗಲೇ ಯಾಕೆ ಹೇಳಲಿಲ್ಲ ಅಕ್ಕ?"

"ನೀನು ಎಲ್ಲಿ ಸಿಗ್ತಿದ್ದೆ ಹೇಳೋದಕ್ಕೆ? ಕಿಟಕೀಲೇ ಇರ್ತಿದ್ದೆ."

ಪತ್ರಿಕೆಯನ್ನು ಮಡಚಿದೆ. ಬಿಚ್ಚಿದೆ. ಮತ್ತೆ ಮಡಚಿದೆ.

"ಸಹಿ ನಂದಲ್ಲ ಅಂತ ಹೇಳ್ತೀನಿ," ಎಂದೆ.

"ನಿನ್ನ ಕೈಲಿ ಆಗಲ್ಲ. ಆರನೇ ಕ್ಲಾಸಲ್ಲಿ ಜ್ವರ ಅಂತ ಸುಳ್ಳು ಹೇಳಿ ಮನೇಲಿ ಉಳ್ಕೊಂಡು, ಸಂಜೆ ಮೇಷ್ಟ್ರಿಗೆ ನೀನೇ ಕ್ಷಮಾಪಣೆ ಪತ್ರ ಬರೆದೋನು ನೀನು."

"ಹೇಳ್ತೀನಿ," ಎಂದೆ. ಕನ್ನಡಿಯ ಮುಂದೆ ನಿಂತು ನಾಲ್ಕು ಸಲ ಹೇಳಿಯೂ ನೋಡಿದೆ.

ಜೂನ್ 24, ಮಂಗಳವಾರ

ಅಕ್ಕನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದೆವು. ನ್ಯಾಯಾಲಯಕ್ಕೆ ಹದಿನಾರು ಮೆಟ್ಟಿಲು. ಕ್ಲಚ್ಚು ಶಾಲೆಯ ಕಾರಿನಲ್ಲಿ ಕರೆತಂದು, ಕುರ್ಚಿಯ ಒಂದು ಬದಿ ಹಿಡಿದು ಹತ್ತಿಸಿದ. "ಫಸ್ಟ್ ಗೇರಲ್ಲೇ ಹೋಗೋಣಮ್ಮ," ಎಂದ. ಇವನ ಬಗ್ಗೆ ನಾನು ಹದಿನೇಳು ಪುಟ ಬರೆದಿದ್ದೆ.

ಸರ್ಕಾರಿ ವಕೀಲರು ನನ್ನನ್ನು ಸಾಕ್ಷಿಕಟ್ಟೆಗೆ ಕರೆಸಿ, ಒಂಬತ್ತು ಪುಟಗಳನ್ನು ಮುಂದೆ ಹಿಡಿದರು. "ಇದು ನಿಮ್ಮ ಸಹಿಯೇ?"

ನೋಡಿದೆ. ಚೆನ್ನಾಗಿ ಮೂಡಿದ, ಒಂದಕ್ಷರವೂ ಕೂಡಿಕೊಳ್ಳದ ಸಹಿ. ಬಾಯಿ ತೆರೆದೆ. ಅಷ್ಟರಲ್ಲಿ ಹಿಂದಿನಿಂದ ಕಟಕಟ ಶಬ್ದ ಕೇಳಿಸಿತು. ಅಕ್ಕನ ಕಾಲುಗಳು ಸೆಟೆದು, ಪಾದಗಳು ಗಾಲಿಕುರ್ಚಿಯ ಕಬ್ಬಿಣಕ್ಕೆ ಬಡಿಯುತ್ತಿದ್ದವು. ಕೋರ್ಟೆಲ್ಲ ತಿರುಗಿ ನೋಡಿತು.

"ಅವರಿಗೆ ನೀರು ಕೊಡಿ," ಎಂದರು ನ್ಯಾಯಾಧೀಶರು.

"ನೀರು ಬೇಡ ಸ್ವಾಮಿ," ಎಂದಳು ಅಕ್ಕ, ಹಲ್ಲು ಕಚ್ಚಿಕೊಂಡು. "ನನಗೆ ಬೇಕಾದ್ದನ್ನ ನೀವು ಅಲ್ಲಿ ಸೀಲ್ ಮಾಡಿ ಇಟ್ಕೊಂಡಿದ್ದೀರಿ."

ವಕೀಲೆ ಅವಳ ಭುಜ ಹಿಡಿದಳು. ಅಕ್ಕ ಕೈ ಸರಿಸಿದಳು.

"ಗಿಡ ನಂದೇ. ನೆಡಿಸಿದವಳು ನಾನು, ತಿಂದವಳು ನಾನು. ಬೇರೆ ಯಾರನ್ನೂ ಕೇಳಬೇಡಿ. ನನ್ನ ತಮ್ಮನಿಗೆ ಸುಳ್ಳು ಹೇಳೋಕೆ ಬರಲ್ಲ, ಈ ವಯಸ್ಸಲ್ಲಿ ಕಲಿಸಬೇಡಿ."

ಅಲ್ಲಿಗೆ ಮುಗಿಯಿತು. ವಯಸ್ಸು, ಕಾಯಿಲೆ ನೋಡಿ ಜೈಲಿಲ್ಲ. ಒಂದು ವರ್ಷದ ಮುಚ್ಚಳಿಕೆ. ತಿಂಗಳಿಗೊಮ್ಮೆ ಠಾಣೆಗೆ ಹೋಗಿ ಸಹಿ ಹಾಕಬೇಕು; ತಾರಸಿಯನ್ನು ಪೊಲೀಸರು ಬೇಕೆಂದಾಗ ಬಂದು ನೋಡುತ್ತಾರೆ; ಮತ್ತೆ ಒಂದೇ ಒಂದು ಎಲೆ ಸಿಕ್ಕರೂ ಎರಡು ವರ್ಷ ಸೆರೆ. ಪೆನ್ನು ಹಿಡಿಯಲಾರದ ಕೈಗೆ ತಿಂಗಳಿಗೊಂದು ಸಹಿ.

ಸಾಕ್ಷಿಕಟ್ಟೆಯಿಂದ ಇಳಿಯುವ ಮೊದಲು ನಾನು ಕೇಳಿದೆ: "ಸ್ವಾಮಿ, ಗೌಪ್ಯ ಅಂತ ತಗೊಂಡ ಈ ಕಾಗದ ಪೊಲೀಸರ ಕೈಗೆ ಹೇಗೆ ಬಂತು?"

"ಅದು ಈ ನ್ಯಾಯಾಲಯದ ಮುಂದಿರುವ ಪ್ರಶ್ನೆಯಲ್ಲ," ಎಂದರು. ದನಿಯಲ್ಲಿ ಗಡಸಿರಲಿಲ್ಲ. "ಬೇರೆ ಕಡೆ ಕೇಳಿ."

ಜೂನ್ 26, ಗುರುವಾರ

ಮೊದಲ ಮಹಡಿಗೆ ಇಳಿದೆ. ಟೈಲರಮ್ಮ ಮಷೀನಿನ ಮೇಲೆ ಬಗ್ಗಿದ್ದಳು.

"ನಿಮ್ಮ ಮೇಲೆ ಅನುಮಾನಪಟ್ಟೆ. ತಪ್ಪಾಯ್ತು."

ಮಷೀನು ನಿಲ್ಲಲಿಲ್ಲ. "ಸರ್ಕಾರಕ್ಕೆ ಒಂಬತ್ತು ಪುಟ ಬರೀತೀರಿ ಅಣ್ಣ. ನನಗೆ ಒಂದೇ ಸಾಲಾ?"

ಚಿಂದಿಯ ಮೂಟೆಯ ಪಕ್ಕ ನಿಂತೇ ಇದ್ದೆ. ಅವಳು ಒಂದು ತೋಳು ಮುಗಿಸಿ, ದಾರವನ್ನು ಹಲ್ಲಿನಲ್ಲಿ ಕಡಿದು, ಇನ್ನೊಂದನ್ನು ಎತ್ತಿಕೊಂಡಳು.

ಸಂಜೆ ಮೇಲೆ ಬಂದಳು. ನನ್ನ ಕಡೆ ನೋಡದೆ ಒಳಗೆ ಹೋಗಿ ಅಕ್ಕನ ಕಾಲು ತಿಕ್ಕತೊಡಗಿದಳು. "ನಿಮ್ಮ ತಮ್ಮನಿಗೋಸ್ಕರ ಬಂದಿಲ್ಲ," ಎಂದದ್ದು ಕೇಳಿಸಿತು. "ಅಷ್ಟೂ ತಿಳಿಯದಷ್ಟು ಪೆದ್ದ ಅಲ್ಲ ಅವನು," ಎಂದಳು ಅಕ್ಕ. ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ನಕ್ಕರು. ಯಾತಕ್ಕೆಂದು ಕೇಳಲು ಹೋಗಲಿಲ್ಲ.

ಜುಲೈ 15, ಮಂಗಳವಾರ

ಸಮಿತಿಯ ವರದಿ ಹೊರಬಿದ್ದಿದೆ. ಕಾನೂನಿನಲ್ಲಿ ಬದಲಾವಣೆ ಬೇಕಿಲ್ಲವಂತೆ, ಶಿಕ್ಷೆಯನ್ನು ಮಾತ್ರ ಹೆಚ್ಚಿಸಬೇಕಂತೆ. ಅನುಬಂಧದಲ್ಲಿ ಸಣ್ಣಕ್ಷರದ ಒಂದು ಟಿಪ್ಪಣಿ ಇದೆ. ಒಟ್ಟು 412 ನಾಗರಿಕರು ಅಭಿಪ್ರಾಯ ಕಳಿಸಿದರು. ಅವರಲ್ಲಿ ತಾವಾಗಲಿ ಮನೆಯವರಾಗಲಿ ಈ ಗಿಡವನ್ನು ಬಳಸುವುದಾಗಿ ಬರೆದವರು 188. ಇವರು ಸ್ವಂತ ಹಿತಾಸಕ್ತಿ ಉಳ್ಳವರಾದ್ದರಿಂದ ಇವರ ಅಭಿಪ್ರಾಯಗಳನ್ನು ಪರಿಗಣಿಸಿಲ್ಲ.

ಅಕ್ಕನಿಗೆ ಓದಿ ಹೇಳಿದೆ. "ಬರಿ," ಎಂದಳು. "ಈ ಸಲ ಅರ್ಧ ಪುಟ ಸಾಕು. ಒಂಬತ್ತು ಪುಟ ಪೊಲೀಸರನ್ನ ಬಿಟ್ಟು ಇನ್ಯಾರೂ ಓದಲ್ಲ."

ನಾಳೆ ಎಲ್ಲ ಪತ್ರಿಕೆಗಳಿಗೂ ಕಳಿಸಬೇಕಾದದ್ದು:

"ಸಮಿತಿಯ ಅಧ್ಯಕ್ಷರೇ, 188 ಜನರ ಮಾತು ಕಾನೂನು ಬರೆಯುವುದಕ್ಕೆ ಲೆಕ್ಕಕ್ಕಿಲ್ಲವೆಂದಿರಿ. ಅವರಲ್ಲಿ ಒಬ್ಬನಾದ ನನ್ನ ಮಾತು, ನಿಮ್ಮ ಕಚೇರಿ ತಲುಪಿದ ಮೂರನೆಯ ದಿನವೇ ಪೊಲೀಸರ ಕೈಸೇರಿ, ನನ್ನ ಅಕ್ಕನ ಮೇಲೆ ಮೊಕದ್ದಮೆ ಹೂಡುವುದಕ್ಕೆ ಲೆಕ್ಕಕ್ಕೆ ಬಂತು. ಗೌಪ್ಯವಾಗಿಡುತ್ತೇವೆಂದು ಬರೆದವರು ಯಾರು, ಪೊಲೀಸರಿಗೆ ಕಳಿಸಿರೆಂದು ಹೇಳಿದವರು ಯಾರು? ನನ್ನಂತೆಯೇ ನಿಮ್ಮನ್ನು ನಂಬಿ ಬರೆದು, ಇವತ್ತಿಗೂ ತಮ್ಮ ಪಕ್ಕದ ಮನೆಯವರನ್ನು ಅನುಮಾನಿಸುತ್ತ ಕೂತಿರುವವರು ಎಷ್ಟು ಮಂದಿಯೋ ತಿಳಿಯದು. ನನಗೆ ಖಾಸಗಿ ಉತ್ತರ ಬೇಡ. ಅಭಿಪ್ರಾಯ ಕಳಿಸಿ ಎಂದು ನೀವು ಜಾಹೀರಾತು ಕೊಟ್ಟ ಅದೇ ಪತ್ರಿಕೆಗಳಲ್ಲಿ, ಅಷ್ಟೇ ದಪ್ಪ ಅಕ್ಷರಗಳಲ್ಲಿ, ಎಲ್ಲರೂ ಓದುವಂತೆ ಹೇಳಿ: ಉಳಿದ 187 ಮನೆಗಳಲ್ಲಿ ಎಷ್ಟು ಮನೆಗಳಿಗೆ ಪೊಲೀಸರನ್ನು ಕಳಿಸಿದಿರಿ?"